ತಮ್ಮನ ಕಣ್ಣಿನ ತಳದಲ್ಲಿ ಕಂಡದ್ದು

ಡೇರೆಯೊಳಗೆ ದೀಪ ಹಿಡಿಯುವುದು ನನ್ನ ಕೆಲಸವಾಗಿತ್ತು. ದೀಪ ಒಂದು ಬೆರಳು ಮುಂದೆ ಬಂದರೆ ಕೂತ ರೋಗಿಯ ಕಿವಿ ಸುಡುತ್ತಿತ್ತು. ಒಂದು ಬೆರಳು ಹಿಂದೆ ಸರಿದರೆ ಸಾಹೇಬರ ಕನ್ನಡಿಗೆ ಬೆಳಕು ಸಿಗುತ್ತಿರಲಿಲ್ಲ. ಕಿವಿಯ ಮಟ್ಟಕ್ಕೆ, ತುಸು ಹಿಂದಕ್ಕೆ, ಕೈ ನಡುಗದಂತೆ ಅರ್ಧ ತಾಸು ನಿಲ್ಲಬೇಕು. ಆ ಕೆಲಸದಲ್ಲಿ ನನ್ನ ಮೇಲೆ ಯಾರ ದೂರೂ ಇಲ್ಲ. ದೂರು ಇರುವುದು ನನ್ನ ಬಾಯಿಯ ಮೇಲೆ. ಅದನ್ನು ಬರೆದಿಡಲು ಕೂತಿದ್ದೇನೆ. ಊರ ಅಯ್ಯನ ಗಾಂವಠಿ ಸಾಲಿಯಲ್ಲಿ ಎರಡು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದವನು ನಾನು. ಎಲ್ಲಾದರೂ ಅಂಕುಡೊಂಕಾದರೆ ಓದುವವರು ಸರಿಮಾಡಿಕೊಳ್ಳಬೇಕು.

ನರಗುಂದದ ಗದ್ದಲ ಅಡಗಿ ಒಂದು ವರ್ಷವಾಗಿತ್ತು. ಗುಡ್ಡದ ಬುಡದಲ್ಲಿ ದಂಡು ಇನ್ನೂ ಬೀಡು ಬಿಟ್ಟಿತ್ತು. ದಂಡಿನ ವೈದ್ಯರಾದ ಸಾಹೇಬರಿಗೆ ಅವರ ದೇಶದಿಂದ ಮಖಮಲ್ಲು ಹಾಸಿದ ಒಂದು ಸಣ್ಣ ಪೆಟ್ಟಿಗೆ ಬಂತು. ಒಳಗೆ ರೂಪಾಯಿಗಿಂತ ತುಸು ದೊಡ್ಡದಾದ, ಒಳಕ್ಕೆ ತಗ್ಗಿದ ಕನ್ನಡಿ. ಅದಕ್ಕೊಂದು ಹಿಡಿಕೆ, ನಟ್ಟನಡುವೆ ಜೋಳದ ಕಾಳು ತೂರುವಷ್ಟು ತೂತು. ಜತೆಗೆ ಒಂದು ಉಬ್ಬುಗಾಜು. ದೀಪದ ಬೆಳಕನ್ನು ಈ ಕನ್ನಡಿಯಿಂದ ಕಣ್ಣಿನೊಳಗೆ ಹಾಯಿಸಿ, ತೂತಿನಲ್ಲಿ ಕಣ್ಣಿಟ್ಟು ನೋಡಿದರೆ, ಬದುಕಿರುವ ಮನುಷ್ಯನ ಕಣ್ಣಿನ ತಳ ಕಾಣುತ್ತದೆ ಎಂದು ಸಾಹೇಬರು ಹೇಳಿದರು. ಅಲ್ಲಿಯವರೆಗೆ ಅವರೂ ಅದನ್ನು ಪುಸ್ತಕದಲ್ಲಿ ಓದಿದ್ದರಷ್ಟೆ.

ಸಾಹೇಬರಿಗೆ ನಮ್ಮ ಮಾತು ಬಾರದು. ಅವರದು ಅರ್ಧ ಇಂಗ್ಲಿಷು, ಅರ್ಧ ಮುರುಕು ಹಿಂದೂಸ್ತಾನಿ, ಉಳಿದದ್ದು ಕೈಸನ್ನೆ. ಅವರ ಜತೆಗಿದ್ದು ಇದ್ದು ನನಗೆ ಅದು ಹಿಡಿತಕ್ಕೆ ಬಂದಿತ್ತು. ಬಂದ ರೋಗಿಗಳಿಗೆ ಅವರ ಮಾತು ಮುಟ್ಟಿಸುವವನು ನಾನೇ, ರೋಗಿಗಳ ಮಾತು ಅವರಿಗೆ ಮುಟ್ಟಿಸುವವನೂ ನಾನೇ.

ನೋಡುವುದಕ್ಕೆ ಮೊದಲು ಕಣ್ಣಿನ ಪಾಪೆ ದೊಡ್ಡದಾಗಬೇಕು. ಸಾಹೇಬರ ಬಾಟಲಿಯಲ್ಲಿದ್ದ ಔಷಧ ಒಂದೇ ತಿಂಗಳಲ್ಲಿ ತೀರಿತು. ಆಮೇಲೆ ಹೊಲದ ಬದುವಿನಲ್ಲಿ ಬೆಳೆಯುವ ಮದಗುಣಕಿಯ, ಅಂದರೆ ದತ್ತೂರಿಯ, ಎಲೆ ತಂದು ಜಜ್ಜಿದೆವು. ರಸವನ್ನು ಮೂರು ಪದರು ಅರಿವೆಯಲ್ಲಿ ಸೋಸಿ, ಸಣ್ಣ ಉರಿಯ ಮೇಲೆ ಗಟ್ಟಿ ಮಾಡಿ, ಬೇಕಾದಾಗ ಕಡಲೆಕಾಳಿನಷ್ಟನ್ನು ಕಾಸಿ ಆರಿದ ನೀರಿನಲ್ಲಿ ಕರಗಿಸುತ್ತಿದ್ದೆವು. ಒಂದು ಹನಿ ಬಿಟ್ಟು ಒಂದು ತಾಸು ಕಾದರೆ ಪಾಪೆ ಕತ್ತಲಲ್ಲಿ ಬೆಕ್ಕಿನದು ಅರಳಿದ ಹಾಗೆ ಅರಳುತ್ತಿತ್ತು. ಆದರೆ ಅದು ಇಳಿಯಲು ಐದಾರು ದಿನ. ಅಷ್ಟು ದಿನ ಬಿಸಿಲು ಚುಚ್ಚುತ್ತದೆ, ಹತ್ತಿರದ್ದೆಲ್ಲ ಮಂಜು ಮಂಜು. ಮೊದಮೊದಲು ಒಬ್ಬ ಸಿಪಾಯಿ ತನ್ನ ಅಂಗಿಯ ಗುಂಡಿ ಹಾಕಲಾಗದೆ ಅತ್ತುಬಿಟ್ಟಿದ್ದ.

ಹಗಲಿನಲ್ಲೇ ಕತ್ತಲು ಮಾಡುವುದು ಇನ್ನೊಂದು ಕೆಲಸ. ಡೇರೆಯ ಮೇಲೆ ಎರಡು ಪದರು ಕರಿ ಕಂಬಳಿ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತುತ್ತಿದ್ದೆ. ಎಲ್ಲೋ ಒಂದು ಸೂಜಿಯಷ್ಟು ಬೆಳಕು ಬಂದರೂ ಸಾಹೇಬರು ಎದ್ದು ಬೆರಳು ತೋರಿಸುತ್ತಿದ್ದರು. ಔಡಲೆಣ್ಣೆಯ ದೀಪ, ಅದರ ಮೇಲೆ ಗಾಜಿನ ಕೊಳವೆ, ಬತ್ತಿಯನ್ನು ದಿನಕ್ಕೆ ಮೂರು ಸಲ ಕತ್ತರಿಸಬೇಕು.

ನೋಡುವುದನ್ನು ಕಲಿಯಲು ಸಾಹೇಬರಿಗೆ ಇಪ್ಪತ್ತು ದಿನ ಹಿಡಿಯಿತು, ನನಗೆ ಎರಡು ತಿಂಗಳು. ಮೊದಲು ಕಾಣುವುದು ಬರೀ ಕೆಂಪು. ಊದಿದ ಕೆಂಡದ ಹಾಗೆ ಪಾಪೆ ತುಂಬ ಕೆಂಪು. ಅದನ್ನು ದಾಟುವುದು ಕಷ್ಟ. ಉಬ್ಬುಗಾಜನ್ನು ಎಡಗೈಯಲ್ಲಿ ಹಿಂದೆ ಮುಂದೆ ಮಾಡುತ್ತ ಉಸಿರು ಬಿಗಿಹಿಡಿದು ಕಾಯಬೇಕು. ಒಂದು ದಿನ ತಟ್ಟನೆ ಕೆಂಪಿನೊಳಗಿಂದ ಒಂದು ಬಿಳಿ ಬಿಲ್ಲೆ ಎದ್ದುಬರುತ್ತದೆ, ಅದರಿಂದ ಹೊರಟ ರಕ್ತದ ಎಳೆಗಳು ಬೇರಿನ ಹಾಗೆ ಹರಡಿರುತ್ತವೆ. ಕಾಣುವುದೆಲ್ಲ ತಲೆಕೆಳಗು, ಎಡದ್ದು ಬಲಕ್ಕೆ. ನನಗೆ ಅದು ಮೊದಲ ಸಲ ಕಂಡಾಗ ಕೂಗಿಬಿಟ್ಟೆ. ಸಾಹೇಬರು ನನ್ನ ಬೆನ್ನು ತಟ್ಟಿದರು. ಆ ಸೀಮೆಯಲ್ಲಿ ಅದನ್ನು ಕಂಡವರು ನಾವಿಬ್ಬರೇ ಎಂಬ ಗರ್ವ ಅವತ್ತು ಹತ್ತಿದ್ದು.

ಸುಗ್ಗಿಯ ಹೊತ್ತಿಗೆ ನಮ್ಮ ಡೇರೆ ರೋಣಕ್ಕೆ ಬಂತು. ಸಾಹೇಬರು ಕಂಡದ್ದನ್ನೆಲ್ಲ ಬಣ್ಣದಲ್ಲಿ ಬರೆಯುತ್ತಿದ್ದರು. ರೋಗದ ಕಣ್ಣು ಬೇಕಾದಷ್ಟು ಸಿಕ್ಕಿದ್ದವು. ಹೋಲಿಸಿ ನೋಡಲು ಎಳೆಯ, ರೋಗವಿಲ್ಲದ ಕಣ್ಣು ಬೇಕೆಂದರು. ಅದೇ ವಾರ ಅಬ್ಬಿಗೇರಿಯಿಂದ ನನ್ನ ತಮ್ಮ ರೊಟ್ಟಿಯ ಗಂಟು ಹೊತ್ತು ನನ್ನನ್ನು ನೋಡಲು ಬಂದ. ಅವನಿಗಾಗ ಹದಿನಾಲ್ಕು.

ತಮ್ಮನ ಸಂಗತಿ ಇಲ್ಲಿ ಹೇಳಬೇಕು. ಅವನು ಎರಡು ತಿಂಗಳ ಕೂಸಾಗಿದ್ದಾಗ ನಮ್ಮ ಅವ್ವ ತೀರಿಕೊಂಡಳು. ಅಬ್ಬಿಗೇರಿಯ ದೊಡ್ಡ ಮನೆಯ ಗೌಡಸಾನಿಗೆ ಮಕ್ಕಳಿರಲಿಲ್ಲ. ನಾವು ಅವರ ಬಳಗದ ಬಡವರು. ಅವಳು ಕೂಸನ್ನು ಎತ್ತಿಕೊಂಡು ಹೋಗಿ ಹಾಲು ಹಾಕಿ ಸಾಕಿದಳು. ಗೌಡರು ತೀರಿದ ಮೇಲೆ ಅವನನ್ನೇ ದತ್ತು ತೆಗೆದುಕೊಳ್ಳುವೆನೆಂದು ನಿಂತಳು. ನಮ್ಮ ಅಪ್ಪ ಹೂಂ ಅಂದಿದ್ದ. ಹಿರಿಯರು ತಮ್ಮನನ್ನು ಹಗಲಿನಲ್ಲಿ ಕಂಬಳಿಯ ಮೇಲೆ ನಿಲ್ಲಿಸಿ ಮೈ ನೋಡಿದ್ದರು. ಗೌಡಿಕೆಗೆ ಕೂಡುವವನ ಮೈಮೇಲೆ ಕೆಟ್ಟ ಸುಳಿ, ಕೆಟ್ಟ ಮಚ್ಚೆ ಇರಬಾರದು ಎಂಬುದು ಆ ಮನೆಯ ಪದ್ಧತಿ. ತಲೆಯ ಸುಳಿಯಿಂದ ಅಂಗಾಲಿನವರೆಗೆ ಒಂದು ಮಚ್ಚೆಯೂ ಸಿಕ್ಕಿರಲಿಲ್ಲ. ಗೌಡರ ತಮ್ಮ, ಊರವರು ಸಣ್ಣಗೌಡರು ಎನ್ನುತ್ತಿದ್ದವರು, ಎರಡು ಸಲ ನೋಡಿ ಸುಮ್ಮನಾಗಿದ್ದರು. ಜೋಳದ ರಾಶಿ ಮುಗಿದ ಮೇಲೆ ಅವನನ್ನು ಅವಳ ಉಡಿಯಲ್ಲಿ ಹಾಕಿ ದತ್ತು ಕೊಡುವ ಕಾರ್ಯ ಎಂದು ಮಾತಾಗಿತ್ತು.

ಹನಿ ಬಿಡುವ ಮೊದಲು ಸಾಹೇಬರು ತಮ್ಮನ ನೋಟ ಪರೀಕ್ಷಿಸಿದರು. ಕೆರೆಯ ಆಚೆ ದಂಡೆಯಲ್ಲಿ ಹೋಗುತ್ತಿದ್ದ ಎತ್ತುಗಳ ಕೋಡಿನ ಗೊಂಡೆಗಳನ್ನು ಅವನು ಎಣಿಸಿ ಹೇಳಿದ. ನನಗೆ ಎತ್ತುಗಳೇ ಸರಿಯಾಗಿ ಕಾಣುತ್ತಿರಲಿಲ್ಲ.

ಹನಿ ಬಿಟ್ಟು ಒಂದು ತಾಸಿನ ಮೇಲೆ ಅವನನ್ನು ಒಳಗೆ ಕೂಡಿಸಿದೆವು.

“ಅಣ್ಣಾ, ಎಣ್ಣಿ ವಾಸನಿ ಮೂಗಿಗೆ ಹೊಡ್ಯಾಕ ಹತ್ತೇತಿ. ಸೀನು ಬಂದ್ರ ಸಾಹೇಬರ ಗಡ್ಡಕ್ಕ ಅಭಿಷೇಕ ಆಗತೈತಿ ನೋಡು.”

“ಬಾಯಿ ಮುಚ್ಚಿ ಕೂಡು. ಅಲುಗಾಡಬ್ಯಾಡ.”

ಸಾಹೇಬರು ಬಾಗಿ ನೋಡಿದರು. ಎಂದಿನಂತೆ ಒಂದೆರಡು ನಿಮಿಷದಲ್ಲಿ ಏಳಲಿಲ್ಲ. ಬಹಳ ಹೊತ್ತು ಹಾಗೇ ಇದ್ದರು. ಎದ್ದವರೇ ಕಾಗದ ತೆಗೆದುಕೊಂಡರು, ಬರೆದರು, ಮತ್ತೆ ನೋಡಿದರು, ಮತ್ತೆ ಬರೆದರು. ಕೊನೆಗೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು ದೀಪವನ್ನು ತಾವು ಹಿಡಿದರು.

ಕೆಂಪು ಸರಿದು ತಳ ಕಂಡಿತು. ಬಿಳಿ ಬಿಲ್ಲೆ ಸರಿಯಾಗಿತ್ತು, ಎಳೆಗಳು ಸರಿಯಾಗಿದ್ದವು. ಆದರೆ ಒಂದು ಬದಿಗೆ, ಅಂಚಿನತ್ತ, ಕಪ್ಪು ಗುರುತುಗಳ ಒಂದು ಗುಂಪು. ಸಣ್ಣವು, ದೊಡ್ಡವು, ಅಂಚು ಕತ್ತರಿಸಿಟ್ಟಂತೆ ಸ್ಪಷ್ಟ. ಮೂರು ನಾಲ್ಕು ಒಟ್ಟಿಗೆ, ತುಸು ಬಿಟ್ಟು ಮತ್ತೆ ಮೂರು ನಾಲ್ಕು. ಮಳೆಯಾದ ಮರುದಿನ ಎರೆಹೊಲದಲ್ಲಿ ನಾಯಿ ಓಡಿಹೋದ ಹೆಜ್ಜೆಯ ಹಾಗೆ.

ಇದೇನು ಎಂದು ಕೇಳಿದೆ. ಸಾಹೇಬರು ನಕ್ಕರು. ಹುಟ್ಟಿದಾಗಿನಿಂದ ಇರುವ ಗುರುತು ಎಂದರು. ಮೈಮೇಲೆ ಮಚ್ಚೆ ಇದ್ದಂತೆ ಕಣ್ಣಿನ ತಳದಲ್ಲಿ. ಬೆಳೆಯುವುದಿಲ್ಲ, ನೋಯುವುದಿಲ್ಲ, ನೋಟ ಕೆಡಿಸುವುದಿಲ್ಲ, ಔಷಧ ಬೇಕಾಗಿಲ್ಲ. ಗೊಂಡೆ ಎಣಿಸಿದನಲ್ಲ, ಇನ್ನೇನು ಬೇಕು ಎಂದರು. ನಾನು ಅದನ್ನು ತಮ್ಮನಿಗೆ ಹೇಳಿದೆ. ಅವನಿಗೆ ಖುಷಿಯೇ ಆಯಿತು.

“ಮ್ಯಾಲ ಎಲ್ಲೂ ಸಿಗಲಿಲ್ಲಂತ ಹಿರ್ಯಾರು ತಲಿ ಕೆರಕೊಂಡಿದ್ರು. ಒಳಗ ಬಚ್ಚಿಟ್ಟಿದ್ದೆ ನೋಡು!” ಅಂದ.

ಅಲ್ಲಿಗೆ ಮುಗಿಯಬೇಕಿತ್ತು. ಆ ಗುರುತುಗಳು ಯಾರ ಕಣ್ಣಿಗೂ ಬೀಳುವಂಥವಲ್ಲ. ಇಡೀ ಸೀಮೆಯಲ್ಲಿ ಒಂದೇ ಕನ್ನಡಿ, ಅದು ಪೆಟ್ಟಿಗೆಯಲ್ಲಿ. ನಾನು ಬಾಯಿ ಬಿಡದಿದ್ದರೆ ತಮ್ಮ ಮುದುಕನಾಗಿ ಮಣ್ಣಿಗೆ ಹೋಗುವವರೆಗೆ ಅವು ಅವನೊಳಗೇ ಇರುತ್ತಿದ್ದವು.

ಹತ್ತು ದಿನದ ಮೇಲೆ ರಜೆ ಕೇಳಿ ಅಬ್ಬಿಗೇರಿಗೆ ಹೋದೆ. ಗೌಡರ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಜನ ಕೂತಿದ್ದರು. ನನ್ನನ್ನು ಕಂಡು ಒಬ್ಬ ಶುರು ಮಾಡಿದ.

“ಬಂದ್ನೋ ಸಾಹೇಬನ ದೀಪದ ಕಂಬ!”

“ಕಂಬಕ್ಕರೆ ದಿನಾ ಎಣ್ಣಿ ಹಾಕ್ತಾರ. ಇವಗೇನ ಹಾಕ್ತಾರೋ ಏನೋ.”

“ದೀಪ ಹಿಡಿಯೂದಕ್ಕ ಒಬ್ಬ ಗಂಡಸು ಬೇಕೇನೋ? ಒಂದು ಗೂಟ ಬಡದ್ರ ಸಾಕಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

“ಗೂಟಕ್ಕ ಕಣ್ಣಿನ ತಳ ಕಾಣತೈತೇನ್ರಿ? ನನಗ ಕಾಣತೈತಿ. ನಮ್ಮ ತಮ್ಮನ ಕಣ್ಣಾಗ ಏನೈತಿ ಅಂತ ನಿಮ್ಮೊಳಗ ಯಾರಿಗರೆ ಗೊತ್ತೈತೇನು?” ಎಂದೆ. ಹೇಳುತ್ತ ಹೋದೆ. ಬಿಳಿ ಬಿಲ್ಲೆ ಹೇಳಿದೆ, ಬೇರು ಹೇಳಿದೆ, ಕಪ್ಪು ಗುರುತು ಹೇಳಿದೆ. ಹೇಗಿವೆ ಎಂದು ಒಬ್ಬ ಕೇಳಿದ್ದಕ್ಕೆ, ಎರೆಹೊಲದಲ್ಲಿ ನಾಯಿ ಹೆಜ್ಜೆ ಇದ್ದ ಹಾಗೆ ಎಂದೆ. ಏನೂ ಕೇಡಿಲ್ಲ ಎಂದೂ ಹೇಳಿದೆ. ಆದರೆ ಅದನ್ನು ಕಟ್ಟಕಡೆಗೆ ಹೇಳಿದೆ. ಅಷ್ಟರಲ್ಲಿ ನಗು ನಿಂತಿತ್ತು.

ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಸಣ್ಣಗೌಡರು ಕೈ ತಡೆದು ಕೇಳಿದರು:

“ಏನಂದಿ? ಇನ್ನೊಮ್ಮೆ ಹೇಳು. ನಾಯಿ ಹೆಜ್ಜಿ?”

“ಇದ್ದಂಗ ಅಂದೆ ರಿ. ಖರೇ ಹೆಜ್ಜಿ ಅಲ್ಲ.”

“ಹುಟ್ಟಿದಾಗಿಂದ?”

“ಹೌದ್ರಿ. ಆದ್ರ ಅದರಿಂದ ಏನೂ...”

“ಅದನ್ನ ನಾ ಕೇಳಲಿಲ್ಲ. ಹುಟ್ಟಾ ಐತಿ ಹೌದಲ್ಲೋ? ಮೈಮ್ಯಾಲಿನ ಮಚ್ಚಿ ನೋಡಿದ್ವಿ. ಕಣ್ಣಾಗ ನಾಯಿ ಓಡ್ಯಾಡೇತಂದ್ರ ಅವನ್ನ ಗೌಡಕಿ ಮ್ಯಾಲ ಕೂಡಸೂದು ಹ್ಯಾಂಗ?”

ಊರಲ್ಲಿ ಅದು ಹರಡಲು ಒಂದು ಸಂಜೆ ಸಾಕಾಯಿತು. ಮರುದಿನ ಬಾವಿಯ ಹತ್ತಿರ ಹೆಂಗಸರು ತಮ್ಮನ ಮುಖ ನೋಡದೆ ಕೊಡ ಎತ್ತಿಕೊಂಡು ಹೋದರು. ಗೌಡಸಾನಿ ನನ್ನನ್ನು ಅಡಿಗೆ ಮನೆಗೆ ಕರೆದಳು.

“ಖರೇ ಹೇಳು. ನನ್ನ ಹುಡುಗನ ಕಣ್ಣಿಗೆ ಏನರೆ ಆಗತೈತೇನು?”

“ಇಲ್ಲ ಅವ್ವಾರ. ಸಾಹೇಬರು ಅಂದಾರ, ನಾನ ಕೇಳೇನಿ.”

“ಹಂಗಾದ್ರ ಅದನ್ನ ಹಿರ್ಯಾರಿಗೂ ಕೇಳಸು. ಕಾರ್ಯ ಮುರೀಬಾರದು. ಹದಿನಾಲ್ಕು ವರ್ಷ ಸಾಕೀನಿ ಇದನ್ನ.”

ರೋಣಕ್ಕೆ ಮರಳಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಸಿಟ್ಟು ಬಂತು. ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ಸಹಿ ಹಾಕಿ, ಅರಗಿನ ಮುದ್ರೆ ಒತ್ತಿ ಕೊಟ್ಟರು. ಗುರುತುಗಳು ಹುಟ್ಟಿನಿಂದ ಬಂದವು, ಕೇಡಿಲ್ಲದವು, ಹುಡುಗನ ನೋಟ ಸಾಹೇಬರ ನೋಟಕ್ಕಿಂತ ಚುರುಕು ಎಂದು ಅದರಲ್ಲಿತ್ತು. ಸಾಹೇಬರಿಂದ ಸಾಲು ಸಾಲಾಗಿ ತಿಳಿದುಕೊಂಡು, ಅದನ್ನು ಒಯ್ದು ಸಣ್ಣಗೌಡರ ಮುಂದೆ ಓದಿ ಹೇಳಿದೆ.

ಅವರು ಕಾಗದವನ್ನು ತಿರುಗಿಸಿ ನೋಡಿದರು.

“ಬರದಾವ ನಿನ್ನ ಧಣಿ. ಓದಾವ ನೀನ, ತಿಳಿಸಿ ಹೇಳಾವ ನೀನ. ಹುಡುಗ ನಿನ್ನ ತಮ್ಮ. ಎಲ್ಲಾ ನಿಮ್ಮ ಮನಿಯಾಗ ಮುಗೀತಲ್ಲೋ ಮಾರಾಯಾ.”

ನಾನು ಗುರುತು ಇದೆ ಅಂದಾಗ ಊರೆಲ್ಲ ನಂಬಿತು. ಅದೇ ಬಾಯಿಂದ ಕೇಡಿಲ್ಲ ಅಂದರೆ ಒಬ್ಬರೂ ನಂಬಲಿಲ್ಲ. ಕೊನೆಗೆ, “ನೀವ ಬಂದು ನಿಮ್ಮ ಕಣ್ಣಿಲೆ ನೋಡ್ರಿ” ಎಂದೆ. ಅವರು ಬರಲಾರರು ಎಂದುಕೊಂಡಿದ್ದೆ. ಬರುತ್ತೇನೆ ಎಂದರು.

ಆ ಹೊತ್ತಿಗೆ ನಮ್ಮ ಡೇರೆ ಗಜೇಂದ್ರಗಡಕ್ಕೆ ಹೋಗಿತ್ತು. ಹಾದಿಯಲ್ಲಿ ಒಂದು ಹಳ್ಳ ದಾಟುವಾಗ ಗಾಡಿ ವಾಲಿ ದೀಪದ ಗಾಜಿನ ಕೊಳವೆ ಒಡೆಯಿತು. ಕೊಳವೆ ಇಲ್ಲದಿದ್ದರೆ ದೀಪದ ಕುಡಿ ಕುಣಿಯುತ್ತದೆ, ಕುಣಿಯುವ ಬೆಳಕಿನಲ್ಲಿ ತಳ ನಿಲ್ಲುವುದಿಲ್ಲ. ಒಂದು ಬಾಟಲಿಯ ಬುಡಕ್ಕೆ ಎಣ್ಣೆಯಲ್ಲಿ ನೆನೆಸಿದ ನೂಲು ಸುತ್ತಿ, ಸುಟ್ಟು, ತಣ್ಣೀರಿನಲ್ಲಿ ಅದ್ದಿ ಬುಡ ಕಳಚಿದೆ. ಮೂರನೆಯ ಬಾಟಲಿ ಸರಿಯಾಗಿ ಬಂತು. ಅದರ ಗಾಜು ತುಸು ಹಸಿರು, ಆದರೂ ಕುಡಿ ನಿಂತಿತು. ಹೊತ್ತು ಮಾತ್ರ ಹೆಚ್ಚಿರಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರು ಧಾರವಾಡಕ್ಕೆ ಹೊರಡಬೇಕೆಂದು ಅಪ್ಪಣೆ ಬಂದಿತ್ತು. ನನ್ನನ್ನೂ ಜತೆಗೆ ಕರೆದೊಯ್ದು ಅಲ್ಲಿಯ ದವಾಖಾನೆಯಲ್ಲಿ ಇಡಿಸುವುದಾಗಿ ಹೇಳಿದ್ದರು.

ಅಬ್ಬಿಗೇರಿಯ ಗಾಡಿ ಮಧ್ಯಾಹ್ನಕ್ಕೆ ಬಂತು. ಗೌಡಸಾನಿ ಕೆಳಗಿಳಿಯಲಿಲ್ಲ. ಗಾಡಿಯ ಪರದೆಯೊಳಗೇ ಕೂತು ತಮ್ಮನನ್ನು ಕಳಿಸಿದಳು. ಹನಿ ಬಿಟ್ಟೆ, ಕಾದೆವು. ಸಾಹೇಬರು ಮೊದಲು ತಾವು ನೋಡಿ ಎಲ್ಲ ಸರಿಯಾಗಿ ಹೊಂದಿಸಿ, ಸಣ್ಣಗೌಡರನ್ನು ತಮ್ಮ ಕುರ್ಚಿಯಲ್ಲಿ ಕೂಡಿಸಿ, ಕನ್ನಡಿ ಹಿಡಿಯುವುದನ್ನು ಕೈ ಹಿಡಿದು ತೋರಿಸಿದರು.

ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ಅವರು ಒಂದು ಗಳಿಗೆಯಲ್ಲಿ ಕಾಣಲಾರರು ಎಂದು ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ. ಕನ್ನಡಿ ಅತ್ತ ಇತ್ತ ಹೊಯ್ದಾಡಿತು, ಬೆಳಕು ತಮ್ಮನ ಹಣೆಯ ಮೇಲೆ, ಮೂಗಿನ ಮೇಲೆ ಓಡಾಡಿತು. ಆಮೇಲೆ ಸರಿಯಾಗಿ ಪಾಪೆಯ ಮೇಲೆ ಬಿತ್ತು.

“ಕೆಂಡ!” ಎಂದು ಸಣ್ಣಗೌಡರು ಎದ್ದರು. ಕುರ್ಚಿ ಹಿಂದಕ್ಕೆ ಉರುಳಿತು. “ಕೆಂಡ ಐತೋ ಒಳಗ! ಹುಲಿ ಕಣ್ಣು ಹೊಳದಂಗ ಹೊಳೀತು!”

ಅವರು ಬೇಕೆಂದೇ ಹಾಗೆ ಮಾಡಿದರು ಎಂದು ನಂಬಿದ್ದರೆ ನನಗೆ ಹಗುರಾಗುತ್ತಿತ್ತು. ಆದರೆ ದೀಪ ನನ್ನ ಕೈಯಲ್ಲಿತ್ತು, ಅವರ ಮುಖ ಕಂಡೆ. ನಿಜವಾಗಿ ಹೆದರಿದ್ದರು. ಕೈ ಎದೆಯ ಲಿಂಗದ ಮೇಲಿತ್ತು. ತಮ್ಮ ಅಲುಗಾಡದೆ ಕೂತಿದ್ದ. ಅಲುಗಾಡಬ್ಯಾಡ ಎಂದು ನಾನೇ ಹೇಳಿದ್ದೆನಲ್ಲ.

ಸಣ್ಣಗೌಡರು ಡೇರೆಯ ಬಾಗಿಲಿನವರೆಗೆ ಹೋಗಿ ನಿಂತರು. ಏನಾಯಿತು ಎಂದು ಸಾಹೇಬರು ಕೇಳಿದರು. ಹೇಳಿದೆ. ಅವರು ಜೋರಾಗಿ ನಕ್ಕರು. ಕೆಂಪು ಎಲ್ಲರ ಕಣ್ಣಲ್ಲೂ ಇರುತ್ತದೆ, ಅವನಿಗೆ ತೋರಿಸೋಣ ಎಂದರು. ಔಷಧದ ಸಣ್ಣ ಬಾಟಲಿ ಎತ್ತಿ ನನ್ನತ್ತ ಚಾಚಿದರು. ಇನ್ನೊಂದು ಕೈಯ ಬೆರಳನ್ನು ನನ್ನ ಹುಬ್ಬಿನ ಹತ್ತಿರ ತಂದು ಹೇಳಿದರು: ನಿನ್ನ ಕಣ್ಣಿಗೆ ಒಂದು ಹನಿ ಬಿಟ್ಟುಕೊ. ಒಂದು ತಾಸು ಕಾಯುತ್ತೇನೆ. ಆ ಮನುಷ್ಯ ನಿಮ್ಮಿಬ್ಬರನ್ನೂ ಒಂದಾದ ಮೇಲೊಂದು ನೋಡಲಿ. ಅವನ ಹೆದರಿಕೆ ಹೋಗುತ್ತದೆ. ನೀನು ಅಣ್ಣ, ನಿನ್ನ ಕಣ್ಣಲ್ಲೂ ಗುರುತು ಇದ್ದರೆ ಇನ್ನೂ ಒಳ್ಳೆಯದು. ಆ ಕಣ್ಣಿಂದಲೇ ನೀನು ಕೆಲಸ ಮಾಡುವುದನ್ನು ಎಲ್ಲರೂ ಕಂಡಿದ್ದಾರಲ್ಲ.

ಅದು ಸರಿಯಾದ ದಾರಿ ಎಂದು ನನಗೆ ಆ ಕ್ಷಣವೇ ತಿಳಿಯಿತು. ಅದೊಂದೇ ದಾರಿ ಎಂದೂ ತಿಳಿಯಿತು.

“ಏನಂತಾರೋ ಸಾಹೇಬರು?” ಎಂದು ಸಣ್ಣಗೌಡರು ಬಾಗಿಲಿನಿಂದ ಕೇಳಿದರು.

“ಹೊತ್ತಾತಂತ್ರಿ. ಡೇರೆ ಕೀಳಬೇಕಂತ,” ಎಂದೆ.

ಸಾಹೇಬರ ಕಡೆ ತಿರುಗಿ, ಸಣ್ಣಗೌಡರಿಗೆ ತಿಳಿಯಿತಂತೆ, ಸಮಾಧಾನವಾಯಿತಂತೆ, ದೂರದ ಹಾದಿ, ಈಗ ಹೊರಡುತ್ತಾರಂತೆ ಎಂದೆ.

ಸಾಹೇಬರು ಸಂತೋಷಪಟ್ಟು ಬಾಟಲಿ ಕೆಳಗಿಟ್ಟರು. ತಮ್ಮನ ಕೈ ಹಿಡಿದು ಕುಲುಕಿದರು.

ಯಾಕೆ ಹಾಗೆ ಮಾಡಿದೆ ಎಂಬುದನ್ನು ಹಲವು ವರ್ಷ ನನಗೆ ನಾನೇ ಬೇರೆಯಾಗಿ ಹೇಳಿಕೊಂಡೆ. ಹನಿ ಬಿಟ್ಟುಕೊಂಡರೆ ಐದಾರು ದಿನ ಹತ್ತಿರದ್ದು ಕಾಣುವುದಿಲ್ಲ, ಧಾರವಾಡದಲ್ಲಿ ಬಾಟಲಿಯ ಮೇಲಿನ ಹೆಸರು ಓದಲಾಗದೆ ಕೆಲಸ ತಪ್ಪೀತು ಎಂದು. ಅದು ನೆವ. ಸಾಹೇಬರೇ ಕರೆದೊಯ್ಯುವಾಗ ಕೆಲಸ ಯಾರು ತಪ್ಪಿಸುತ್ತಿದ್ದರು? ನಿಜ ಇದು: ಸವಡಿಯ ಒಂದು ಮನೆಯಲ್ಲಿ ನನಗೆ ಹೆಣ್ಣು ಗೊತ್ತು ಮಾಡಿದ್ದರು. ತಮ್ಮನನ್ನು ಹೆತ್ತವಳೇ ನನ್ನನ್ನೂ ಹೆತ್ತವಳು. ಅವನ ಕಣ್ಣಲ್ಲಿ ಇರುವುದು ನನ್ನ ಕಣ್ಣಲ್ಲೂ ಇದ್ದರೆ, ಅದನ್ನು ಸಾಹೇಬರು ಬಣ್ಣದಲ್ಲಿ ಬರೆದರೆ, ಬಾವಿಯ ಹತ್ತಿರದ ಹೆಂಗಸರು ನನ್ನನ್ನು ಕಂಡೂ ಕೊಡ ಎತ್ತಿಕೊಂಡು ಹೋದರೆ? ಅದರಲ್ಲಿ ಕೇಡಿಲ್ಲ ಎಂದು ಬಲ್ಲವನು ನಾನು. ಊರೆಲ್ಲಕ್ಕೆ ಹೇಳಿದವನು ನಾನು. ಬಲ್ಲವನೇ ಹೆದರಿದೆ.

ಗಾಡಿಯವರೆಗೆ ತಮ್ಮನ ಕೈ ಹಿಡಿದು ನಡೆಸಿದೆ. ಬಿಸಿಲು ಚುಚ್ಚದಂತೆ ಅವನ ಕಣ್ಣಿಗೆ ಅರಿವೆ ಕಟ್ಟಿದ್ದೆ.

“ಅಣ್ಣಾ, ಸಾಹೇಬರು ನಿನ್ನ ಕಣ್ಣಿಗೆ ಬೆರಳು ಮಾಡಿ ಏನೋ ಅಂದ್ರಲ್ಲ. ಏನಂದ್ರು?”

“ನನ್ನ ಕಣ್ಣು ಚಲೋ ಅದಾವಂತ ಅಂದ್ರು.”

ಅವನು ಕಣ್ಣಿನ ಅರಿವೆಯನ್ನು ಬಿಗಿ ಮಾಡಿಕೊಂಡ.

“ಹಂಗಾದ್ರ ನಿನಗಿಲ್ಲ. ನನಗಷ್ಟ ಐತಿ.”

ಆಗಲೂ ಹೇಳಬಹುದಿತ್ತು. ಡೇರೆ ಇನ್ನೂ ಅಲ್ಲೇ ಇತ್ತು, ದೀಪ ಉರಿಯುತ್ತಿತ್ತು, ಸಣ್ಣಗೌಡರು ಎತ್ತು ಹೂಡಿಸುತ್ತಿದ್ದರು. ಗೌಡಸಾನಿ ಪರದೆ ಸರಿಸಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗಲಿಲ್ಲ ಎಂದು ಅವಳು ತಿಳಿದುಕೊಂಡಳು. ತಮ್ಮನನ್ನು ಹತ್ತಿರ ಎಳೆದು ಕೂಡಿಸಿಕೊಂಡಳು. ಗಾಡಿ ಹೋಯಿತು.

ಮರುದಿನ ನಾನು ಧಾರವಾಡದ ಹಾದಿ ಹಿಡಿದೆ.

ಅಬ್ಬಿಗೇರಿಯ ಸುದ್ದಿ ತುಂಡು ತುಂಡಾಗಿ ಬರುತ್ತಿತ್ತು. ಗೌಡಸಾನಿ ಒಂದು ತಿಂಗಳು ಹಟ ಹಿಡಿದಳಂತೆ. ನಾಯಿ ಹೆಜ್ಜೆಗಿಂತ ಕೆಂಡದ ಮಾತು ದೊಡ್ಡದಾಯಿತಂತೆ. ಕಾರ್ಯಕ್ಕೆ ನಾವು ಬರುವುದಿಲ್ಲ ಎಂದು ಹಿರಿಯರು ಹೇಳಿದರಂತೆ. ಬಳಗ ಬಾರದೆ ದತ್ತು ಆಗುವುದಿಲ್ಲ. ಅಕ್ಷಯ ತದಿಗೆಯ ಮುಂದೆ ಸಣ್ಣಗೌಡರ ಕಿರಿಯ ಮಗನನ್ನು ಅವಳ ಉಡಿಯಲ್ಲಿ ಹಾಕಿ ಸಕ್ಕರೆ ಹಂಚಿದರು. ಅದು ಮೂರು ವರ್ಷದ ಕೂಸು. ತಮ್ಮ ಆ ಮನೆಯಲ್ಲೇ ಉಳಿದ. ಪಡಸಾಲೆಯಿಂದ ದನದ ಹಕ್ಕೆಗೆ ಅವನ ಹಾಸಿಗೆ ಹೋಯಿತು. ಸಂಬಳದಾಳಾದ.

ಮಳೆಗಾಲ ಕಳೆದ ಮೇಲೆ ರಜೆ ಸಿಕ್ಕಿತು. ಅಷ್ಟರಲ್ಲಿ ಸವಡಿಯ ಹೆಣ್ಣಿನೊಂದಿಗೆ ನನ್ನ ಮದುವೆಯಾಗಿತ್ತು. ಹೇಳಿಬಿಡಬೇಕೆಂದು ನೆಟ್ಟಗೆ ಅಬ್ಬಿಗೇರಿಗೆ ಹೋದೆ. ಗೌಡಸಾನಿ ಪಡಸಾಲೆಯಲ್ಲಿ ಕೂಸಿಗೆ ಹಾಲು ಅನ್ನ ಕಲಸಿ ಉಣಿಸುತ್ತಿದ್ದಳು. ಅವಳ ಮುಂದೆ ಕೂತು ಎಲ್ಲ ಹೇಳಿದೆ. ಬಾಟಲಿ, ಬೆರಳು, ನಾನು ಆ ಕಡೆಗೆ ಹೇಳಿದ ಮಾತು, ಈ ಕಡೆಗೆ ಹೇಳಿದ ಮಾತು.

ಅವಳು ತುತ್ತು ನಿಲ್ಲಿಸಲಿಲ್ಲ. ಕೂಸಿನ ಬಾಯಿ ಒರೆಸಿ ಆಮೇಲೆ ಮಾತಾಡಿದಳು.

“ಈಗ ಹೇಳಾಕ ಬಂದಿಯೇನು?”

“ತಪ್ಪಾತು ಅವ್ವಾರ. ಹಿರ್ಯಾರ ಮುಂದೂ ಹೇಳ್ತೇನಿ. ಧಾರವಾಡಕ್ಕ ಬರ್ರಿ, ಸಾಹೇಬರು ಅಲ್ಲೇ ಅದಾರ. ನನ್ನ ಕಣ್ಣು...”

“ಹೇಳಿ?” ಅವಳ ಧ್ವನಿ ಏರಲಿಲ್ಲ. “ಈ ಕೂಸು ನನಗ ಅವ್ವಾ ಅನ್ನಾಕ ಹತ್ತೇತಿ. ಹೆತ್ತಾಕಿ ಬಂದ್ರ ನನ್ನ ಸೀರಿ ಹಿಡಕೊಂಡು ಅಡಗತೈತಿ. ಇದನ್ನ ಈಗ ಯಾರ ಉಡಿಯಾಗ ಹಾಕ್ಲಿ? ಅದನ್ನೂ ನೀನ ಹೇಳು.”

ಒಮ್ಮೆ ಉಡಿಯಲ್ಲಿ ಹಾಕಿದ್ದನ್ನು ಮರಳಿ ತೆಗೆಯುವ ಪದ್ಧತಿ ಎಲ್ಲೂ ಇಲ್ಲ.

ಅವಳು ಹಿತ್ತಲಿಗೆ ಕೂಗಿ ತಮ್ಮನನ್ನು ಕರೆದಳು. ಅವನು ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಬಂದ. ಒಂದು ಗೇಣು ಎತ್ತರವಾಗಿದ್ದ. ಕೂಸು ಅವನನ್ನು ಕಂಡು ಎರಡೂ ಕೈ ಚಾಚಿತು.

“ನಿಮ್ಮಣ್ಣ ಏನೋ ಹೇಳ್ತಾನ, ಕೇಳು,” ಎಂದಳು.

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಅವನು ಕೂಸನ್ನು ಎತ್ತಿಕೊಂಡು ನಿಂತು ಕೇಳಿದ. ಬೈಯುತ್ತಾನೆಂದು ಕಾದೆ.

“ಈಗರೆ ನೋಡಿಸ್ಕೊಂಡಿಯೇನು?” ಎಂದ.

“ಇಲ್ಲ.”

“ದಿನಾ ಆ ಕನ್ನಡಿ ನಿನ್ನ ಕೈಯಾಗ ಇರತೈತಿ ಹೌದಲ್ಲೋ?”

“ಹೌದು.”

ಅವನು ಕೂಸನ್ನು ಗೌಡಸಾನಿಯ ತೊಡೆಯ ಮೇಲೆ ಇಳಿಸಿ, ಎಮ್ಮೆ ಬಿಚ್ಚಬೇಕು ಎಂದು ಹಿತ್ತಲಿಗೆ ಹೋದ.

ಆಮೇಲೆ ನಾನು ವರ್ಷಕ್ಕೊಮ್ಮೆ ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿದಾಗ ಅಬ್ಬಿಗೇರಿಗೆ ಹೋಗುತ್ತೇನೆ. ಆ ದಿನಗಳಲ್ಲಿ ತಮ್ಮ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಾನೆ. ಅವನಷ್ಟು ದೂರದಿಂದ ಹಕ್ಕಿಯ ಹಿಂಡು ಕಾಣುವವರು ಊರಲ್ಲಿ ಇಲ್ಲವಂತೆ. ಸಣ್ಣಗೌಡರೂ ತಮ್ಮ ಹೊಲ ಕಾಯಲು ಅವನನ್ನೇ ಕರೆಯುತ್ತಾರಂತೆ. ಹಳ್ಳದ ದಂಡೆ ಹತ್ತಿದಾಗ ನನಗೆ ಬರೀ ಅಟ್ಟ ಕಾಣುತ್ತದೆ, ಅದರ ಮೇಲೊಂದು ಗೆರೆಯಷ್ಟು ಮನುಷ್ಯ. ಅವನಿಗೆ ನನ್ನ ಮುಖವೇ ಕಾಣುತ್ತದೆ. ನಾನು ಹಳ್ಳ ಏರುವವರೆಗೆ ಹಕ್ಕಿ ಎಬ್ಬಿಸುವ ಅವನ ಕೂಗು ಕೇಳುತ್ತಿರುತ್ತದೆ. ಏರಿದ ಮೇಲೆ ನಿಲ್ಲುತ್ತದೆ. ಗೆರೆ ಅಟ್ಟದಿಂದ ಇಳಿದು ಆ ಕಡೆಯ ಜೋಳದೊಳಗೆ ಹೋಗುತ್ತದೆ.

ನಾನು ಅಟ್ಟದ ಕೆಳಗೆ ಹೋಗಿ ಕೂಡುತ್ತೇನೆ. ಕಾಯುವವರಿಲ್ಲದ ಹೊಲಕ್ಕೆ ಹಕ್ಕಿ ಇಳಿಯುತ್ತವೆ. ಕವಣೆ ಅಲ್ಲೇ ಬಿದ್ದಿರುತ್ತದೆ. ನಾನು ಎದ್ದು ಬೀಸುತ್ತೇನೆ. ಹಕ್ಕಿ ತಲೆಯ ಮೇಲೆ ಬಂದ ಮೇಲಷ್ಟೇ ನನಗೆ ಕಾಣುತ್ತವೆ.